ವಿದ್ಯುತ್ ಕಂಪನಿಗಳ ಲಾಬಿ ಮತ್ತು ಹವಾಮಾನ ನೀತಿ: ಕಾಸರಗೋಡಿನ ಗ್ರಾಹಕರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಕರೆಂಟು ಬಿಲ್ಲಿನ ಮಾತು ಎದ್ದಾಗಲೆಲ್ಲ ಅದು ದರ ಏರಿಕೆಯಲ್ಲಿ ಶುರುವಾಗಿ ಸೋಲಾರ್, ಕಲ್ಲಿದ್ದಲು, ಉಡುಪಿಯ ಸ್ಥಾವರ ಎಂದು ಹರಡಿಕೊಳ್ಳುತ್ತದೆ. ನಾನು ಅಡಿಕೆ ಕೃಷಿಕ; ಪಂಪ್‌ಸೆಟ್ಟಿನ ಬಿಲ್ಲಿನ ಲೆಕ್ಕ ತಿಳಿದುಕೊಳ್ಳಲು ಹೊರಟವನು ಕೆಲವು ವರ್ಷಗಳಿಂದ, ವಿದ್ಯುತ್ ದರ ನಿಗದಿಪಡಿಸುವ ನಿಯಂತ್ರಣ ಆಯೋಗದ ಆದೇಶಗಳನ್ನು ಓದುತ್ತ ಬಂದಿದ್ದೇನೆ. ನೆರೆಕರೆಯವರು ನನ್ನಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಮತ್ತು ನನಗೆ ಗೊತ್ತಿರುವ ಉತ್ತರಗಳು ಇಲ್ಲಿವೆ.

ಲಾಬಿ ಎಂದರೆ ಲಂಚವೇ?

ಅಲ್ಲ. ಕಾನೂನು, ನಿಯಮ ಅಥವಾ ದರ ತನಗೆ ಅನುಕೂಲವಾಗಿ ರೂಪುಗೊಳ್ಳಲಿ ಎಂದು ಅಧಿಕಾರದಲ್ಲಿರುವವರ ಮುಂದೆ ವಾದ ಮಂಡಿಸುವುದೆಲ್ಲವೂ ಲಾಬಿ. ಅಡಿಕೆ ಆಮದಿನ ಮೇಲೆ ಸುಂಕ ಹೆಚ್ಚಿಸಿ ಎಂದು ನಾವು ಸಂಸದರಿಗೆ ಮನವಿ ಕೊಡುವುದೂ ಲಾಬಿಯೇ. 2020–21ರ ರೈತ ಚಳವಳಿಯ ಬೇಡಿಕೆಗಳಲ್ಲಿ ವಿದ್ಯುತ್ ತಿದ್ದುಪಡಿ ಮಸೂದೆಯನ್ನು ಕೈಬಿಡಬೇಕೆಂಬುದೂ ಒಂದಾಗಿತ್ತು, ವಿದ್ಯುತ್ ನೌಕರರ ಸಂಘಟನೆಗಳೂ ಅದನ್ನೇ ಕೇಳಿದ್ದವು. ಇವೆಲ್ಲ ಬಹಿರಂಗವಾಗಿ ನಡೆದವು, ಯಾರು ಏನು ಕೇಳಿದರೆಂದು ಎಲ್ಲರಿಗೂ ತಿಳಿಯಿತು. ಕಂಪನಿಗಳ ಮನವಿ ಹಾಗೆ ಬೀದಿಯಲ್ಲಿ ಕಾಣುವುದಿಲ್ಲ. ಅದು ಕರಡು ನಿಯಮಕ್ಕೆ ಬರೆದ ಟಿಪ್ಪಣಿಯಾಗಿ, ಸಚಿವಾಲಯಕ್ಕೆ ಹೋದ ಪತ್ರವಾಗಿ, ಆಯೋಗದ ಮುಂದಿನ ಅರ್ಜಿಯ ಐವತ್ತನೆಯ ಪುಟದ ಒಂದು ಪ್ಯಾರಾ ಆಗಿ ಇರುತ್ತದೆ. ಲಂಚ ಅಪರಾಧ, ಲಾಬಿ ಅಪರಾಧವಲ್ಲ. ಆದರೆ ಒಂದು ಕಡೆಯವರು ಮಾತ್ರ ಮಾತನಾಡಿ, ಇನ್ನೊಂದು ಕಡೆಯವರಿಗೆ ಹಾಗೆ ಮಾತು ನಡೆದದ್ದೇ ತಿಳಿಯದೆ ಹೋದರೆ ಅದರ ಪರಿಣಾಮ ಲಂಚದಷ್ಟೇ ಕೆಟ್ಟದ್ದಾಗಬಹುದು ಎಂದು ನಾನು ನಂಬಿದ್ದೇನೆ.

ವಿದ್ಯುತ್ ಕಂಪನಿಗೆ ಹವಾಮಾನ ನೀತಿಯಲ್ಲಿ ಇಷ್ಟೊಂದು ಆಸಕ್ತಿ ಏಕೆ?

ಒಂದು ಉಷ್ಣ ಸ್ಥಾವರವನ್ನು ಕಟ್ಟುವಾಗ ಇಪ್ಪತ್ತೈದು ವರ್ಷಗಳ ಆದಾಯವನ್ನು ಲೆಕ್ಕ ಹಾಕಿ ಸಾಲ ತೆಗೆದಿರುತ್ತಾರೆ. ಹವಾಮಾನ ನೀತಿ ಆ ಲೆಕ್ಕವನ್ನು ನಡುವೆಯೇ ಬದಲಾಯಿಸುತ್ತದೆ. 2021ರ ನವೆಂಬರಿನಲ್ಲಿ ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ ಭಾರತವು 2070ರ ಹೊತ್ತಿಗೆ ನಿವ್ವಳ ಶೂನ್ಯ ಹೊರಸೂಸುವಿಕೆಯ, ಅಂದರೆ ಹೊರಬಿಟ್ಟಷ್ಟೇ ಇಂಗಾಲವನ್ನು ಹಿಂದಕ್ಕೆ ಹೀರಿಕೊಳ್ಳುವ, ಗುರಿಯನ್ನು ಘೋಷಿಸಿತು. 2022ರ ಆಗಸ್ಟಿನಲ್ಲಿ ಪ್ಯಾರಿಸ್ ಒಪ್ಪಂದದಡಿ ಸಲ್ಲಿಸಿದ ಪರಿಷ್ಕೃತ ಬದ್ಧತೆಯಲ್ಲಿ, 2030ರೊಳಗೆ ಸ್ಥಾಪಿತ ವಿದ್ಯುತ್ ಸಾಮರ್ಥ್ಯದ ಶೇ 50ರಷ್ಟು ಪಳೆಯುಳಿಕೆಯೇತರ ಮೂಲಗಳಿಂದ ಬರಬೇಕೆಂದೂ, ಜಿಡಿಪಿಯ ಪ್ರತಿ ಘಟಕಕ್ಕೆ ಆಗುವ ಹೊರಸೂಸುವಿಕೆಯನ್ನು 2005ರ ಮಟ್ಟಕ್ಕಿಂತ ಶೇ 45ರಷ್ಟು ತಗ್ಗಿಸಬೇಕೆಂದೂ ಹೇಳಲಾಯಿತು. ವಿತರಣಾ ಕಂಪನಿಗಳು ತಾವು ಮಾರುವ ವಿದ್ಯುತ್ತಿನಲ್ಲಿ ನವೀಕರಿಸಬಹುದಾದ ಮೂಲಗಳ ಪಾಲನ್ನು 2024–25ರಲ್ಲಿ ಶೇ 29.91ರಿಂದ ಆರಂಭಿಸಿ 2029–30ಕ್ಕೆ ಶೇ 43.33ಕ್ಕೆ ಏರಿಸಬೇಕೆಂದು ಕೇಂದ್ರ ಇಂಧನ ಸಚಿವಾಲಯ 2023ರ ಅಕ್ಟೋಬರಿನಲ್ಲಿ ಅಧಿಸೂಚನೆ ಹೊರಡಿಸಿತು.

ಈ ಅಂಕಿಗಳ ಹಿಂದೆ ಸಾವಿರಾರು ಕೋಟಿ ರೂಪಾಯಿಯ ಸಾಲ, ಗಣಿ, ಹಡಗು ಮತ್ತು ಒಪ್ಪಂದಗಳಿವೆ. ಒಂದು ಗಡುವು ಎರಡು ವರ್ಷ ಮುಂದೆ ಹೋದರೂ ಕೆಲವರ ಲೆಕ್ಕಪುಸ್ತಕ ಪೂರ್ತಿ ಬದಲಾಗುತ್ತದೆ.

ಹಾಗಾದರೆ ಕಂಪನಿಗಳು ನಿಜವಾಗಿ ಕೇಳುವುದೇನು? ಹವಾಮಾನ ನೀತಿಯೇ ಬೇಡ ಎನ್ನುತ್ತವೆಯೇ?

ಇಂದು ಹಾಗೆ ಹೇಳುವ ಕಂಪನಿ ಬಹಳ ಅಪರೂಪ. ಎಲ್ಲರೂ ಹಸಿರಿನ ಪರವಾಗಿಯೇ ಮಾತನಾಡುತ್ತಾರೆ. ಕೇಳುವುದು ವಾಯಿದೆಯನ್ನು. ನಮ್ಮಲ್ಲಿ ಸಾಲಗಾರ ಸೊಸೈಟಿಗೆ ಹೋಗಿ "ಕೊಡುವುದಿಲ್ಲ" ಎನ್ನುವುದಿಲ್ಲ, "ಈ ಸಲದ ಕೊಯ್ಲು ಮುಗಿಯಲಿ" ಎನ್ನುತ್ತಾನೆ. ಸಣ್ಣ ರೈತನ ಆ ಮಾತಿನಲ್ಲಿ ಕಷ್ಟವಿರುತ್ತದೆ. ದೊಡ್ಡ ಸ್ಥಾವರದ ಅದೇ ಮಾತಿನಲ್ಲಿ ಕಷ್ಟದ ಜೊತೆಗೆ ಲಾಭವೂ ಇರುತ್ತದೆ, ಏಕೆಂದರೆ ತಡವಾದ ಪ್ರತಿ ವರ್ಷವೂ ಹಳೆಯ ಯಂತ್ರ ಹಳೆಯ ರೀತಿಯಲ್ಲೇ ಓಡುವ ಒಂದು ವರ್ಷ.

ಇದಕ್ಕೆ ಭಾರತದ ಅತ್ಯಂತ ಸ್ಪಷ್ಟ ಉದಾಹರಣೆ ಗಂಧಕದ ಡೈಆಕ್ಸೈಡ್ ಮಿತಿಯ ಕಥೆ. ಈ ಅನಿಲ ಶ್ವಾಸಕೋಶಕ್ಕೆ ಕುತ್ತು ತರುವಂಥದ್ದು, ಇಂಗಾಲದ ಡೈಆಕ್ಸೈಡಿನಂತೆ ಭೂಮಿಯನ್ನು ಬಿಸಿ ಮಾಡುವಂಥದ್ದಲ್ಲ; ಆದ್ದರಿಂದ ಇದನ್ನು ನೇರವಾಗಿ ಹವಾಮಾನ ನೀತಿಯೆಂದು ಕರೆಯಲಾಗದು. ಆದರೂ ಕಲ್ಲಿದ್ದಲು ಸ್ಥಾವರಗಳು ಗಡುವನ್ನು ಮುಂದೂಡಿಸಿಕೊಳ್ಳುವ ಕ್ರಮವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ದಾಖಲೆ ಇನ್ನೊಂದಿಲ್ಲ. 2015ರ ಡಿಸೆಂಬರ್ 7ರಂದು ಕೇಂದ್ರ ಪರಿಸರ ಸಚಿವಾಲಯವು ಉಷ್ಣ ಸ್ಥಾವರಗಳಿಗೆ ಹೊಸ ಮಿತಿಗಳನ್ನು ಪ್ರಕಟಿಸಿ ಎರಡು ವರ್ಷ ಕಾಲಾವಕಾಶ ಕೊಟ್ಟಿತು. 2017ರಲ್ಲಿ ಗಡುವು ಬಂತು. ಬಹುತೇಕ ಸ್ಥಾವರಗಳಲ್ಲಿ ಗಂಧಕ ತೆಗೆಯುವ ಯಂತ್ರವೇ ಇರಲಿಲ್ಲ. ಗಡುವು 2022ರವರೆಗೆ ಹಂತಹಂತವಾಗಿ ಮುಂದೆ ಹೋಯಿತು. 2021ರ ಏಪ್ರಿಲಿನಲ್ಲಿ ದೊಡ್ಡ ನಗರ ಮತ್ತು ಮಾಲಿನ್ಯಪೀಡಿತ ಪ್ರದೇಶಗಳಿಗೆ ಎಷ್ಟು ಹತ್ತಿರ ಎಂಬುದನ್ನು ನೋಡಿ ಸ್ಥಾವರಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ ಮತ್ತೆ ಸಮಯ ಕೊಡಲಾಯಿತು. 2022ರಲ್ಲಿ ಇನ್ನೊಮ್ಮೆ, 2024ರ ಡಿಸೆಂಬರ್ ಕೊನೆಯಲ್ಲಿ ಮತ್ತೂ ಒಮ್ಮೆ. ಕೊನೆಗೆ 2025ರ ಜುಲೈಯಲ್ಲಿ, ದೇಶದ ಮುಕ್ಕಾಲು ಪಾಲಿಗಿಂತ ಹೆಚ್ಚು ಘಟಕಗಳಿರುವ ಸಿ ವರ್ಗಕ್ಕೆ ಆ ಯಂತ್ರದ ಅಗತ್ಯವೇ ಇಲ್ಲವೆಂದು ವಿನಾಯಿತಿ ದೊರೆಯಿತು.

ಈ ಹತ್ತು ವರ್ಷಗಳಲ್ಲಿ ಖಾಸಗಿ ಉತ್ಪಾದಕರ ಸಂಘವಾದ ಅಸೋಸಿಯೇಷನ್ ಆಫ್ ಪವರ್ ಪ್ರೊಡ್ಯೂಸರ್ಸ್ ಹೆಚ್ಚಿನ ಸಮಯಕ್ಕಾಗಿ ಸರ್ಕಾರವನ್ನೂ ನ್ಯಾಯಾಲಯವನ್ನೂ ಕೇಳಿಕೊಂಡಿತು. ಇಂಧನ ಸಚಿವಾಲಯ ಪರಿಸರ ಸಚಿವಾಲಯಕ್ಕೆ ಗಡುವು ವಿಸ್ತರಣೆಯ ಪ್ರಸ್ತಾವಗಳನ್ನು ಕಳುಹಿಸಿತು. ಯಂತ್ರ ಪೂರೈಸುವವರು ಸಾಕಷ್ಟಿಲ್ಲ, ಬ್ಯಾಂಕು ಸಾಲ ಕೊಡುತ್ತಿಲ್ಲ, ಭಾರತದ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ ಎಂಬಂಥ ಕಾರಣಗಳು ಮಂಡನೆಯಾದವು. ಅವುಗಳಲ್ಲಿ ಕೊನೆಯದು ವೈಜ್ಞಾನಿಕವಾಗಿ ನಿಜ. ಆದರೆ ಆ ಸಂಗತಿ 2015ರಲ್ಲೂ ಗೊತ್ತಿತ್ತು. ಆಗಲೇ ನಿಯಮವನ್ನು ತಿದ್ದಿದ್ದರೆ ಅದು ನೀತಿಯ ಚರ್ಚೆಯಾಗುತ್ತಿತ್ತು; ಹತ್ತು ವರ್ಷ ಗಡುವು ಮುಂದೂಡಿ ಕೊನೆಗೆ ನಿಯಮವನ್ನೇ ಎತ್ತಿಬಿಟ್ಟದ್ದರಿಂದ, ನಿಯಮವನ್ನು ನಂಬಿ ಯಂತ್ರಕ್ಕೆ ಹಣ ಹಾಕಿದ ಸ್ಥಾವರಕ್ಕೆ ಅನ್ಯಾಯವಾಯಿತು, ಕಾದವನಿಗೆ ಬಹುಮಾನ ಸಿಕ್ಕಿತು. ಮುಂದಿನ ಸಲ ಇಂಗಾಲದ ಮಿತಿಯ ನಿಯಮ ಬಂದಾಗ ಕಾಯುವುದೇ ಲೇಸೆಂದು ಎಲ್ಲರೂ ಕಲಿತಂತಾಯಿತು. ನನಗೆ ಇದರಲ್ಲಿ ಅತ್ಯಂತ ಕಳವಳಕಾರಿಯಾಗಿ ಕಾಣುವುದು ಇದೇ.

ನಿಯಮ ಪಾಲನೆಯ ಖರ್ಚು ಹೇಗೂ ಗ್ರಾಹಕರ ತಲೆಯ ಮೇಲೆ ಬರುತ್ತದಲ್ಲ, ಕಂಪನಿಗೇಕೆ ತೊಂದರೆ?

ಒಳ್ಳೆಯ ಪ್ರಶ್ನೆ. ವಿದ್ಯುತ್ ಖರೀದಿ ಒಪ್ಪಂದಗಳಲ್ಲಿ "ಕಾನೂನು ಬದಲಾವಣೆ" ಎಂಬ ಷರತ್ತು ಇರುತ್ತದೆ. ಒಪ್ಪಂದದ ನಂತರ ಹೊಸ ನಿಯಮ ಬಂದು ಖರ್ಚು ಹೆಚ್ಚಿದರೆ, ಆಯೋಗದ ಒಪ್ಪಿಗೆ ಪಡೆದು ಆ ಖರ್ಚನ್ನು ದರಕ್ಕೆ ಸೇರಿಸಬಹುದು. ಗಂಧಕ ತೆಗೆಯುವ ಯಂತ್ರದ ವೆಚ್ಚವನ್ನು ಹಾಗೆ ಪರಿಗಣಿಸುವಂತೆ 2018ರ ಮೇ ತಿಂಗಳಲ್ಲಿ ಇಂಧನ ಸಚಿವಾಲಯ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗಕ್ಕೆ ನಿರ್ದೇಶನವನ್ನೂ ಕೊಟ್ಟಿತ್ತು.

ಹೀಗಿದ್ದೂ ಕಂಪನಿ ಹಿಂಜರಿಯುವುದಕ್ಕೆ ಕಾರಣ ಸರದಿಯ ಕ್ರಮ. ಯಾವ ಸ್ಥಾವರದ ಯೂನಿಟ್ಟಿನ ಚಾಲ್ತಿ ವೆಚ್ಚ ಕಡಿಮೆಯೋ ಅದರಿಂದ ಮೊದಲು ವಿದ್ಯುತ್ ಪಡೆಯುತ್ತಾರೆ, ದುಬಾರಿಯಾದದ್ದು ಸರದಿಯ ಕೊನೆಗೆ ಸರಿಯುತ್ತದೆ. ಹೊಸ ಯಂತ್ರದಿಂದ ಯೂನಿಟ್ಟಿಗೆ ಕೆಲವು ಪೈಸೆ ಹೆಚ್ಚಾದರೂ ಪಕ್ಕದ ಸ್ಥಾವರ ಮುಂದೆ ಬರಬಹುದು. ಜೊತೆಗೆ, ಖರ್ಚು ಮೊದಲು ಕೈಯಿಂದ ಹೋಗುತ್ತದೆ, ಆಯೋಗ, ಮೇಲ್ಮನವಿ ನ್ಯಾಯಮಂಡಳಿ, ಸುಪ್ರೀಂ ಕೋರ್ಟು ಎಂದು ಅಲೆದು ಹಿಂದಿರುಗಿ ಬರುವಾಗ ವರ್ಷಗಳು ಕಳೆದಿರುತ್ತವೆ. ಖರೀದಿಸುವ ರಾಜ್ಯ ಕಂಪನಿಗೂ ದರ ಏರಿಸಿ ಜನರ ಸಿಟ್ಟಿಗೆ ಗುರಿಯಾಗಲು ಮನಸ್ಸಿಲ್ಲ. ಹೀಗೆ ಮಾರುವವನಿಗೂ ಕೊಳ್ಳುವವನಿಗೂ ನಿಯಮ ತಡವಾಗುವುದೇ ಹಿತವಾಗಿಬಿಡುತ್ತದೆ, ಸ್ಥಾವರದ ಹೊಗೆಯ ಕೆಳಗೆ ಬದುಕುವವರು ಮಾತ್ರ ಆ ಒಪ್ಪಂದದ ಯಾವ ಪುಟದಲ್ಲೂ ಇರುವುದಿಲ್ಲ.

ನಮ್ಮ ಕೆಎಸ್‌ಇಬಿ ಸರ್ಕಾರದ್ದೇ ಅಲ್ಲವೇ? ಅದೂ ಲಾಬಿ ಮಾಡುತ್ತದೆಯೇ?

ಮಾಡುತ್ತದೆ, ಸರ್ಕಾರಿ ಕಂಪನಿಗೆ ಬಾಗಿಲು ತಟ್ಟುವ ಶ್ರಮ ಕಡಿಮೆ, ಅಷ್ಟೇ. ಕೆಎಸ್‌ಇಬಿ, ಅಂದರೆ ಕೇರಳ ರಾಜ್ಯ ವಿದ್ಯುತ್ ಮಂಡಳಿ, 1957ರಲ್ಲಿ ಆರಂಭವಾದದ್ದು. ಅದರ ಇತಿಹಾಸದ ಅತಿ ದೊಡ್ಡ ಪ್ರಚಾರ ಹೋರಾಟ ಸೈಲೆಂಟ್ ವ್ಯಾಲಿಯದ್ದು. ಕುಂತಿಪುಳ ನದಿಗೆ ಅಣೆಕಟ್ಟು ಕಟ್ಟಿದರೆ ಮಲಬಾರಿನ ಕತ್ತಲೆ ನೀಗುತ್ತದೆಂದು ಮಂಡಳಿ ವಾದಿಸಿತು. ಇನ್ನೊಂದು ಕಡೆ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು, ಕವಿಗಳು, ಅಧ್ಯಾಪಕರು ಊರೂರು ತಿರುಗಿ ವಿದ್ಯುತ್ತಿನ ಲೆಕ್ಕವನ್ನೇ ಬಿಡಿಸಿ ತೋರಿಸಿದರು. 1983ರಲ್ಲಿ ಯೋಜನೆಯನ್ನು ಕೈಬಿಡಲಾಯಿತು, 1984ರಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು. ಮಂಡಳಿಯ ಅಂಕಿಗೆ ಅಂಕಿಯಲ್ಲೇ ಉತ್ತರ ಕೊಟ್ಟದ್ದರಿಂದ ಆ ವಾದ ನಿಂತಿತು ಎಂಬುದನ್ನು ನಾವು ಮರೆಯಬಾರದು.

ಈಗಿನ ಕಾಲದ ಮುಖ್ಯ ಸಾಧನ 2003ರ ವಿದ್ಯುತ್ ಕಾಯ್ದೆಯ 108ನೆಯ ಸೆಕ್ಷನ್. ಸಾರ್ವಜನಿಕ ಹಿತದ ನೀತಿ ವಿಷಯಗಳಲ್ಲಿ ರಾಜ್ಯ ಸರ್ಕಾರ ಆಯೋಗಕ್ಕೆ ನಿರ್ದೇಶನ ಕೊಡಬಹುದೆಂದು ಅದು ಹೇಳುತ್ತದೆ. ಒಟ್ಟು 465 ಮೆಗಾವಾಟಿನ ದೀರ್ಘಾವಧಿ ಕಲ್ಲಿದ್ದಲು ವಿದ್ಯುತ್ ಖರೀದಿ ಒಪ್ಪಂದಗಳನ್ನು, ಟೆಂಡರ್ ಪ್ರಕ್ರಿಯೆ ಸರಿಯಿರಲಿಲ್ಲವೆಂಬ ಕಾರಣದಿಂದ, ಕೇರಳದ ಆಯೋಗ 2023ರ ಮೇ ತಿಂಗಳಲ್ಲಿ ತಿರಸ್ಕರಿಸಿತು. ಆ ವರ್ಷ ಮಳೆ ಕೈಕೊಟ್ಟು ವಿದ್ಯುತ್ ಕೊರತೆ ಕಾಡಿತು. ಸರ್ಕಾರ 108ರಡಿ ನಿರ್ದೇಶನ ಕೊಟ್ಟಿತು. ಡಿಸೆಂಬರಿನಲ್ಲಿ ಆಯೋಗ ಒಪ್ಪಂದಗಳನ್ನು ಮತ್ತೆ ಊರ್ಜಿತಗೊಳಿಸಿತು. 2024ರ ಜುಲೈಯಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆ ಆದೇಶವನ್ನು ರದ್ದುಪಡಿಸಿತು. ಅಗ್ಗದ ವಿದ್ಯುತ್ ಬೇಕೆಂಬ ವಾದದಲ್ಲಿ ತಿರುಳಿತ್ತು. ಆದರೆ ಇನ್ನೂ ಅಷ್ಟು ವರ್ಷ ಕಲ್ಲಿದ್ದಲಿಗೆ ಕಟ್ಟಿಕೊಳ್ಳಬೇಕೇ ಎಂಬ ಹವಾಮಾನದ ಪ್ರಶ್ನೆ ಇಡೀ ಜಟಾಪಟಿಯಲ್ಲಿ ಮುಂದೆ ಬರಲೇ ಇಲ್ಲ.

ತಾರಸಿಯ ಮೇಲೆ ಸೋಲಾರ್ ಹಾಕಿಸಿದ್ದೇನೆ. ಇದಕ್ಕೂ ಲಾಬಿಗೂ ಏನು ಸಂಬಂಧ?

ಬಹಳ ಹತ್ತಿರದ ಸಂಬಂಧ. ಹಗಲು ನಿಮ್ಮ ಫಲಕ ಉತ್ಪಾದಿಸಿದ ಹೆಚ್ಚುವರಿ ಯೂನಿಟ್ಟನ್ನು ಗ್ರಿಡ್ಡಿಗೆ ಕೊಟ್ಟು, ರಾತ್ರಿ ಅಷ್ಟೇ ಯೂನಿಟ್ಟನ್ನು ಸರಿದೂಗಿಸಿಕೊಳ್ಳುವ ಪದ್ಧತಿಗೆ ನೆಟ್ ಮೀಟರಿಂಗ್ ಎನ್ನುತ್ತಾರೆ. ಇದು ಗ್ರಾಹಕರಿಗೆ ಲಾಭ, ಕಂಪನಿಗೆ ಮಾರಾಟ ನಷ್ಟ. 2020ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಗ್ರಾಹಕ ಹಕ್ಕುಗಳ ನಿಯಮದಲ್ಲಿ ನೆಟ್ ಮೀಟರಿಂಗ್ 10 ಕಿಲೋವಾಟಿಗೆ ಸೀಮಿತವಾಗಿತ್ತು. ಸೋಲಾರ್ ಉದ್ಯಮದವರೂ ಸಣ್ಣ ಕೈಗಾರಿಕೆಯವರೂ ಗಟ್ಟಿಯಾಗಿ ಆಕ್ಷೇಪಿಸಿದರು. 2021ರ ಜೂನಿನಲ್ಲಿ ಮಿತಿ 500 ಕಿಲೋವಾಟಿಗೆ ಏರಿತು. ಆರೇ ತಿಂಗಳಲ್ಲಿ ಐವತ್ತು ಪಟ್ಟು! ಲಾಬಿ ಎರಡೂ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ.

ಕೇರಳದಲ್ಲಿ 2025ರಲ್ಲಿ ಆಯೋಗ ಪ್ರಕಟಿಸಿದ ಕರಡು ನವೀಕರಿಸಬಹುದಾದ ಇಂಧನ ನಿಯಮಗಳಲ್ಲಿ ನೆಟ್ ಮೀಟರಿಂಗನ್ನು 3 ಕಿಲೋವಾಟಿಗೆ ಮಿತಿಗೊಳಿಸುವ ಪ್ರಸ್ತಾವವಿತ್ತು. ಹಗಲಿನ ಅಗ್ಗದ ವಿದ್ಯುತ್ತನ್ನು ಪಡೆದು ಸಂಜೆಯ ದುಬಾರಿ ವಿದ್ಯುತ್ತನ್ನು ಹಿಂದಿರುಗಿಸಬೇಕಾಗುತ್ತದೆ, ಆ ವ್ಯತ್ಯಾಸವನ್ನು ಸೋಲಾರ್ ಇಲ್ಲದ ಬಡ ಗ್ರಾಹಕರು ಹೊರಬೇಕಾಗುತ್ತದೆ ಎಂಬುದು ಕೆಎಸ್‌ಇಬಿಯ ವಾದ. ಸೋಲಾರ್ ಮನೆಗಳವರು ರಾಜ್ಯದಾದ್ಯಂತ ವಿರೋಧಿಸಿದರು. ನನ್ನ ಅಭಿಪ್ರಾಯ ಕೇಳಿದರೆ, ಸಂಜೆಯ ಒತ್ತಡದ ಮಾತು ಸುಳ್ಳಲ್ಲ: ನಮ್ಮಲ್ಲಿ ಸೂರ್ಯ ಮುಳುಗಿದ ಮೇಲೆಯೇ ಫ್ಯಾನು, ಎಸಿ, ಅಡುಗೆಮನೆ ಎಲ್ಲ ಒಟ್ಟಿಗೆ ಓಡುತ್ತವೆ. ಆದರೆ ಅದಕ್ಕೆ ಪರಿಹಾರ ಬ್ಯಾಟರಿಯೂ ಹಗಲಿಗೂ ಸಂಜೆಗೂ ಬೇರೆ ಬೇರೆ ದರವೂ ಆಗಬೇಕು. ಒಂದು ಕಡೆ ಕೇಂದ್ರದ ಸೂರ್ಯಘರ್ ಯೋಜನೆ 3 ಕಿಲೋವಾಟಿಗೆ 78,000 ರೂಪಾಯಿ ಸಹಾಯಧನ ಕೊಟ್ಟು ಫಲಕ ಹಾಕಿಸಿ ಎನ್ನುವಾಗ, ಇನ್ನೊಂದು ಕಡೆ ಅದರ ಬೆನ್ನೆಲುಬಾದ ಲೆಕ್ಕವನ್ನೇ ಮೊಟಕುಗೊಳಿಸುವುದು ಸರಿಯಲ್ಲ. ಹೊಸದಾಗಿ ಹಾಕಿಸುವವರು ಅಂತಿಮ ನಿಯಮದ ಚಾಲ್ತಿಯಲ್ಲಿರುವ ರೂಪವನ್ನು ಆಯೋಗದ ಜಾಲತಾಣದಲ್ಲಿ ಓದಿಯೇ ಮುಂದುವರಿಯಿರಿ, ಏಜೆಂಟರ ಬಾಯಿಮಾತನ್ನು ನೆಚ್ಚಬೇಡಿ.

ಸೋಲಾರಿನ ಹೆಸರಿನಲ್ಲೇ ಸೋಲಾರಿಗೆ ತಡೆ ಒಡ್ಡಿದ್ದೂ ಇದೆ. 2016ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ವಿದ್ಯುತ್ ಕಂಪನಿಗಳು 2 ಕೋಟಿ ಡಾಲರಿಗೂ ಹೆಚ್ಚು ಹಣ ಸುರಿದು ಸಂವಿಧಾನ ತಿದ್ದುಪಡಿಯೊಂದನ್ನು ಜನಮತಕ್ಕೆ ತಂದವು. ಸೋಲಾರ್ ಹಕ್ಕಿನ ರಕ್ಷಣೆ ಎಂಬ ಮಾತು ಅದರ ಮುಂಭಾಗದಲ್ಲಿತ್ತು, ತಾರಸಿ ಸೋಲಾರಿನ ಮೇಲೆ ಹೆಚ್ಚುವರಿ ಶುಲ್ಕಕ್ಕೆ ದಾರಿ ಮಾಡುವ ಪದಗಳು ಒಳಗಿದ್ದವು. ಬೇಕಿದ್ದದ್ದು ಶೇ 60 ಮತ, ಸಿಕ್ಕಿದ್ದು ಶೇ 51ರ ಆಸುಪಾಸು, ತಿದ್ದುಪಡಿ ಬಿದ್ದುಹೋಯಿತು.

ಕಲ್ಲಿದ್ದಲಿನ ಮೇಲೆ ಹಸಿರು ಸೆಸ್ ಇದೆ ಎಂದು ಕೇಳಿದ್ದೆವು. ಅದು ಎಲ್ಲಿ ಹೋಯಿತು?

2010ರ ಜುಲೈಯಲ್ಲಿ ಟನ್ನಿಗೆ 50 ರೂಪಾಯಿಯಂತೆ ಶುರುವಾದ ಶುದ್ಧ ಇಂಧನ ಸೆಸ್ 2014ರಲ್ಲಿ 100, 2015ರಲ್ಲಿ 200, 2016ರಲ್ಲಿ 400 ರೂಪಾಯಿಗೆ ಏರಿತು. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 600ರಿಂದ 700 ಗ್ರಾಂ ಕಲ್ಲಿದ್ದಲು ಬೇಕೆಂದು ಹಿಡಿದರೆ, ಟನ್ನಿಗೆ 400 ಎಂದರೆ ಯೂನಿಟ್ಟಿಗೆ 24ರಿಂದ 28 ಪೈಸೆ. ಇದು ಸಣ್ಣ ಮೊತ್ತವಲ್ಲ. ಹೆಸರು ಬೇರೆಯಾದರೂ ಇದು ಭಾರತದ ಇಂಗಾಲ ತೆರಿಗೆಯೇ ಆಗಿತ್ತು. ಶುದ್ಧ ಇಂಧನಕ್ಕೆಂದು ಸಂಗ್ರಹಿಸಿದ ಈ ಸೆಸ್ 2017ರಲ್ಲಿ ಜಿಎಸ್‌ಟಿ ಪರಿಹಾರ ಸೆಸ್ಸಾಗಿ ಬದಲಾಗಿ ರಾಜ್ಯಗಳ ತೆರಿಗೆ ನಷ್ಟ ತುಂಬಲು ಹೋಯಿತು. 2025ರ ಸೆಪ್ಟೆಂಬರ್ 22ರಿಂದ ಅದೂ ಇಲ್ಲ. ಅದರ ಬದಲು ಕಲ್ಲಿದ್ದಲಿನ ಜಿಎಸ್‌ಟಿಯನ್ನು ಶೇ 5ರಿಂದ 18ಕ್ಕೆ ಏರಿಸಲಾಯಿತು. ಟನ್ನಿಗೆ 1,500 ರೂಪಾಯಿಯ ಕಲ್ಲಿದ್ದಲನ್ನು ತೆಗೆದುಕೊಳ್ಳಿ: ಹಿಂದೆ ತೆರಿಗೆ 75 ಮತ್ತು 400 ಸೇರಿ 475 ರೂಪಾಯಿ, ಈಗ 270. ಅಗ್ಗದ ಕಲ್ಲಿದ್ದಲಿಗೆ ಭಾರ ಇಳಿಯಿತು. ಇದರಿಂದ ಬಿಲ್ಲು ಕೊಂಚ ಹಗುರವಾದರೆ ನಮಗೂ ಸಂತೋಷವೇ, ಆದರೆ ಕಲ್ಲಿದ್ದಲಿಗೆ ಇದ್ದ ಹವಾಮಾನದ ಬೆಲೆಯೊಂದು ಹೆಚ್ಚು ಚರ್ಚೆಯಿಲ್ಲದೆ ಮರೆಯಾಯಿತು ಎಂಬುದನ್ನೂ ಹೇಳಲೇಬೇಕು.

ಇದಕ್ಕೆ ಹೊಂದಿಕೊಂಡ ಇನ್ನೊಂದು ಸಂಗತಿ: 2022ರ ಇಂಧನ ಸಂರಕ್ಷಣಾ ತಿದ್ದುಪಡಿ ಕಾಯ್ದೆಯ ಬಲದಿಂದ 2023ರಲ್ಲಿ ಇಂಗಾಲ ಕ್ರೆಡಿಟ್ ವ್ಯಾಪಾರ ಯೋಜನೆ ಬಂತು; ಗುರಿಗಿಂತ ಕಡಿಮೆ ಹೊರಸೂಸಿದವರು ಆ ಉಳಿತಾಯವನ್ನು ಗುರಿ ಮೀರಿದವರಿಗೆ ಮಾರುವ ವ್ಯವಸ್ಥೆ ಇದು. ಅದರ ಕಡ್ಡಾಯ ಪಟ್ಟಿಗೆ ಮೊದಲು ಗುರುತಿಸಿದ ಕ್ಷೇತ್ರಗಳಲ್ಲಿ ಸಿಮೆಂಟು, ಉಕ್ಕು, ಅಲ್ಯೂಮಿನಿಯಂ, ಜವಳಿ ಎಲ್ಲ ಇವೆ. ದೇಶದ ಅತಿ ದೊಡ್ಡ ಇಂಗಾಲ ಮೂಲವಾದ ಉಷ್ಣ ವಿದ್ಯುತ್ ಇಲ್ಲ.

ರಾಜಕೀಯ ಪಕ್ಷಗಳಿಗೆ ಹಣ ಹೋಗುವುದೂ ಇದರ ಭಾಗವೇ?

ಹಣ ಕೊಟ್ಟದ್ದಕ್ಕೂ ಸಿಕ್ಕಿದ ನಿರ್ಧಾರಕ್ಕೂ ನಂಟು ಕಟ್ಟಲು ಸಾಕ್ಷ್ಯ ಬೇಕು; ಬರೇ ಅನುಮಾನದಿಂದ ಆರೋಪ ಹೊರಿಸುವುದು ತಪ್ಪು. ಗೊತ್ತಿರುವುದಿಷ್ಟು: ಕೊಟ್ಟವರ ಹೆಸರು ಹೊರಬೀಳದಂತೆ ಪಕ್ಷಗಳಿಗೆ ಹಣ ಕೊಡಲು 2018ರಲ್ಲಿ ಜಾರಿಗೆ ಬಂದ ಚುನಾವಣಾ ಬಾಂಡನ್ನು 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟು ಅಸಂವಿಧಾನಿಕ ಎಂದಿತು, ಮುಂದಿನ ತಿಂಗಳು ಹೊರಬಂದ ಪಟ್ಟಿಯಲ್ಲಿ ಪಶ್ಚಿಮ ಬಂಗಾಳದ ಹಲ್ದಿಯಾ ಎನರ್ಜಿ ಎಂಬ ವಿದ್ಯುತ್ ಕಂಪನಿ 377 ಕೋಟಿ ರೂಪಾಯಿಯ ಬಾಂಡುಗಳನ್ನು ಖರೀದಿಸಿದ್ದು ಕಂಡುಬಂತು. ಆರು ವರ್ಷ ಇದನ್ನು ತಿಳಿಯುವ ದಾರಿಯೇ ಮತದಾರರಿಗೆ ಇರಲಿಲ್ಲ.

ಬೇರೆ ದೇಶಗಳಲ್ಲಿ ಇದು ಹೇಗೆ ಬಯಲಾಗುತ್ತದೆ?

ಅಮೆರಿಕದಲ್ಲಿ 1995ರ ಕಾಯ್ದೆಯಂತೆ ಲಾಬಿ ಮಾಡುವವರು ನೋಂದಾಯಿಸಿಕೊಂಡು ಯಾವ ವಿಷಯಕ್ಕೆ ಎಷ್ಟು ಖರ್ಚು ಮಾಡಿದೆವೆಂದು ನಿಯತವಾಗಿ ತಿಳಿಸಬೇಕು. ಹಾಗಿದ್ದೂ ಒಹಾಯೋ ರಾಜ್ಯದಲ್ಲಿ ನಡೆದದ್ದನ್ನು ನೋಡಿ. 2019ರಲ್ಲಿ ಅಲ್ಲಿನ ಶಾಸನಸಭೆ ಹೌಸ್ ಬಿಲ್ 6 ಎಂಬ ಕಾನೂನನ್ನು ಅಂಗೀಕರಿಸಿತು. ಎರಡು ಅಣುಸ್ಥಾವರಗಳಿಗೆ ಗ್ರಾಹಕರ ಬಿಲ್ಲಿನಿಂದ ಸುಮಾರು ನೂರು ಕೋಟಿ ಡಾಲರ್ ನೆರವು, ಜೊತೆಗೆ ಹಳೆಯ ಕಲ್ಲಿದ್ದಲು ಸ್ಥಾವರಗಳಿಗೂ ಸಹಾಯ, ರಾಜ್ಯದ ನವೀಕರಿಸಬಹುದಾದ ಇಂಧನ ಮತ್ತು ಇಂಧನ ಉಳಿತಾಯದ ಗುರಿಗಳ ಕಡಿತ ಅದರಲ್ಲಿದ್ದವು. ಶುದ್ಧ ಗಾಳಿಯ ಹೆಸರಿನಲ್ಲೇ ಅದನ್ನು ಮಂಡಿಸಲಾಗಿತ್ತು. ಫಸ್ಟ್‌ಎನರ್ಜಿ ಎಂಬ ವಿದ್ಯುತ್ ಕಂಪನಿ ಮತ್ತು ಅದರ ಅಂಗಸಂಸ್ಥೆಯ ಕಡೆಯಿಂದ ಸುಮಾರು 6 ಕೋಟಿ ಡಾಲರ್ ಸಭಾಧ್ಯಕ್ಷ ಲ್ಯಾರಿ ಹೌಸ್‌ಹೋಲ್ಡರ್ ಅವರ ಹಿಡಿತದಲ್ಲಿದ್ದ ಗುಂಪಿಗೆ ಹರಿದಿತ್ತೆಂದು ತನಿಖೆಯಲ್ಲಿ ಹೊರಬಂತು. 2020ರಲ್ಲಿ ಅವರ ಬಂಧನವಾಯಿತು, 2021ರಲ್ಲಿ ಕಂಪನಿ 23 ಕೋಟಿ ಡಾಲರ್ ದಂಡ ಕೊಡಲು ಒಪ್ಪಿತು, 2023ರಲ್ಲಿ ಅವರಿಗೆ 20 ವರ್ಷ ಸೆರೆಮನೆ ಶಿಕ್ಷೆಯಾಯಿತು.

ನ್ಯೂ ಆರ್ಲಿಯನ್ಸ್ ನಗರದಲ್ಲಿ ನಡೆದದ್ದು ನಮ್ಮ ಸಾರ್ವಜನಿಕ ಅಹವಾಲು ಸಭೆಗಳಿಗೆ ಇನ್ನೂ ಹತ್ತಿರದ ಪಾಠ. ಎಂಟರ್ಜಿ ಕಂಪನಿಯ ಅನಿಲ ಸ್ಥಾವರದ ಕುರಿತ ಸಭೆಗಳಿಗೆ, ಸ್ಥಾವರದ ಪರ ಮಾತನಾಡಲು ಮತ್ತು ಚಪ್ಪಾಳೆ ತಟ್ಟಲು, ಹಣ ಪಡೆದ ನಟರು ಬಂದಿದ್ದರೆಂಬುದು 2018ರಲ್ಲಿ ಬೆಳಕಿಗೆ ಬಂತು. ಕಂಪನಿ ನೇಮಿಸಿದ ಪ್ರಚಾರ ಸಂಸ್ಥೆಯ ಮೂಲಕ ಅವರು ಬಂದಿದ್ದರು. ನಗರಸಭೆ 50 ಲಕ್ಷ ಡಾಲರ್ ದಂಡ ವಿಧಿಸಿತು. ಸಭೆಯಲ್ಲಿ ಕುರ್ಚಿ ತುಂಬಿದ್ದು ಯಾರಿಂದ ಎಂದು ಕೇಳುವುದು ಅಪಚಾರವಲ್ಲ.

ಉಡುಪಿಯ ಸ್ಥಾವರ, 400 ಕೆವಿ ಮಾರ್ಗ, ಚೀಮೇನಿ: ಇವಕ್ಕೂ ಈ ಮಾತಿಗೂ ನಂಟಿದೆಯೇ?

ಇದೆ. ಪಡುಬಿದ್ರಿ ಬಳಿಯ ಎಲ್ಲೂರಿನ 1,200 ಮೆಗಾವಾಟಿನ ಉಡುಪಿ ಸ್ಥಾವರ ಆಮದು ಕಲ್ಲಿದ್ದಲಿನಿಂದ ನಡೆಯುವಂಥದ್ದು. ಬಾವಿಯ ನೀರು ಉಪ್ಪಾದದ್ದು, ಹಾರುಬೂದಿ ಬೆಳೆಯ ಮೇಲೆ ಕೂತದ್ದು ಎಂಬ ದೂರುಗಳನ್ನು ಅಲ್ಲಿನ ಜನ ವರ್ಷಗಟ್ಟಲೆ ಹಿಡಿದು ನಡೆದು, 2022ರ ಮೇ 31ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಿಂದ 52 ಕೋಟಿ ರೂಪಾಯಿ ಪರಿಸರ ಪರಿಹಾರದ ಆದೇಶ ಪಡೆದರು. ನಮ್ಮ ಚೀಮೇನಿಯಲ್ಲಿ ಬೃಹತ್ ಕಲ್ಲಿದ್ದಲು ಸ್ಥಾವರದ ಪ್ರಸ್ತಾವ ಬಂದು ಜನರ ವಿರೋಧದ ನಂತರ ಅಲ್ಲಿಗೇ ನಿಂತಿತು. ಆ ಊರಿನ ಹೆಸರು ಅಣುಸ್ಥಾವರದ ಮಾತಿನಲ್ಲೂ ಕೇಳಿಬಂದಿದೆ. ಎಂಡೋಸಲ್ಫಾನಿನ ನೋವುಂಡ ಜಿಲ್ಲೆಯಲ್ಲಿ "ಅಪಾಯವಿಲ್ಲ" ಎಂಬ ಮಾತನ್ನು ಜನ ಸುಲಭಕ್ಕೆ ನಂಬದಿರುವುದು ಸಹಜ.

ಉಡುಪಿಯಿಂದ ನಮ್ಮ ಜಿಲ್ಲೆಯ ಕರಿಂದಳಕ್ಕೆ ಬರುವ 400 ಕೆವಿ ಮಾರ್ಗದ ವಿಷಯ ಬೇರೆ. ಮಲಬಾರಿಗೆ ಗಟ್ಟಿಯಾದ ವಿದ್ಯುತ್ ಸಂಪರ್ಕ ಬೇಕು, ಸೋಲಾರ್ ಮತ್ತು ಗಾಳಿ ವಿದ್ಯುತ್ ಹೆಚ್ಚಾದಷ್ಟೂ ಇಂಥ ಮಾರ್ಗಗಳ ಅಗತ್ಯ ಹೆಚ್ಚುತ್ತದೆ. ಇದನ್ನು ನಾನು ಒಪ್ಪುತ್ತೇನೆ. ಆದರೆ ತಂತಿಯ ಕೆಳಗಿನ ಅಡಿಕೆ, ತೆಂಗಿನ ತೋಟದ ನಷ್ಟವನ್ನು ಕೃಷಿಕ ಒಬ್ಬನೇ ಹೊರಬೇಕಾಗಿ ಬಂದರೆ ಅದನ್ನು ಹಸಿರು ಯೋಜನೆ ಎಂದು ಕರೆದು ಸಮಾಧಾನ ಪಡಿಸುವುದು ನ್ಯಾಯವಲ್ಲ. ತಂತಿಯಲ್ಲಿ ಹರಿಯುವುದು ಕಲ್ಲಿದ್ದಲಿನ ವಿದ್ಯುತ್ತೋ ಬಿಸಿಲಿನದೋ ಎಂಬುದನ್ನು ತಂತಿ ಹೇಳುವುದಿಲ್ಲ, ಖರೀದಿ ಒಪ್ಪಂದ ಹೇಳುತ್ತದೆ.

ಭಾರತದಲ್ಲಿ ಕಂಪನಿ ಏನು ಕೇಳಿತೆಂದು ತಿಳಿಯುವುದು ಹೇಗೆ?

ಲಾಬಿ ನೋಂದಣಿಯ ಕಾನೂನು ನಮ್ಮಲ್ಲಿಲ್ಲ. ಆದರೂ ದಾರಿಗಳಿವೆ. ಷೇರುಪೇಟೆಯಲ್ಲಿ ನೋಂದಾಯಿತವಾದ ಅಗ್ರ 1,000 ಕಂಪನಿಗಳು 2022–23ರಿಂದ ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮದಂತೆ ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ ಕೊಡಬೇಕು. ಅದರ ಏಳನೆಯ ತತ್ತ್ವ ನೀತಿ ರೂಪಿಸುವವರ ಮೇಲಿನ ಪ್ರಭಾವದ ಬಗ್ಗೆಯೇ ಇದೆ. ಕಂಪನಿ ಯಾವ ಉದ್ಯಮ ಸಂಘಗಳ ಸದಸ್ಯ ಎಂಬುದನ್ನು ಅಲ್ಲಿ ಹೇಳಲೇಬೇಕು. ಯಾವ ನೀತಿಯನ್ನು ಪ್ರತಿಪಾದಿಸಿತು ಎಂಬ ಭಾಗ ಮಾತ್ರ ಐಚ್ಛಿಕ, ಅದನ್ನು ಕಡ್ಡಾಯ ಮಾಡಬೇಕೆಂಬುದು ನನ್ನ ಆಗ್ರಹ. ಎನ್‌ಟಿಪಿಸಿ, ಟಾಟಾ ಪವರ್, ಅದಾನಿ ಪವರ್ ಮುಂತಾದವುಗಳ ವರದಿಗಳನ್ನು ಯಾರೂ ಓದಬಹುದು.

ಕೆಎಸ್‌ಇಬಿ ಸರ್ಕಾರಿ ಕಂಪನಿಯಾದ್ದರಿಂದ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು, ಉತ್ತರಕ್ಕೆ 30 ದಿನ. "ಲಾಬಿ ಮಾಡಿದ್ದೀರಾ" ಎಂದು ಕೇಳಬೇಡಿ. ಇಂಥ ಕರಡಿನ ಮೇಲೆ ಇಂಥ ಇಲಾಖೆಗೆ ಬರೆದ ಪತ್ರಗಳ ಪ್ರತಿ ಎಂದು ಕೇಳಿ.

ದಾಖಲೆಗಳು ಕನ್ನಡದಲ್ಲಿ ಸಿಗುವುದಿಲ್ಲ. ನಾವು ಕನ್ನಡದಲ್ಲಿ ಬರೆಯಬಹುದೇ?

ಇದು ಕಾಸರಗೋಡಿನ ಕನ್ನಡಿಗರ ನಿಜವಾದ ಸಂಕಟ. ಮಂಗಳೂರಿನ ಪತ್ರಿಕೆಯಲ್ಲಿ ಮೆಸ್ಕಾಂ ಸುದ್ದಿ ಓದುತ್ತೇವೆ, ನಮ್ಮ ಬಿಲ್ಲು ಬರುವುದು ಕೆಎಸ್‌ಇಬಿಯಿಂದ. ಕರ್ನಾಟಕದ ಆಯೋಗದ ಕನ್ನಡ ಪ್ರಕಟಣೆ ನಮಗೆ ಅನ್ವಯಿಸದು, ನಮಗೆ ಅನ್ವಯಿಸುವ ಆದೇಶ ಇಂಗ್ಲಿಷಿನಲ್ಲಿರುತ್ತದೆ. 2024ರ ಸೆಪ್ಟೆಂಬರಿನಲ್ಲಿ ಕೇರಳದ ದರ ಪರಿಷ್ಕರಣೆಯ ಅಹವಾಲು ಸಭೆ ಕೋಯಿಕ್ಕೋಡು, ಪಾಲಕ್ಕಾಡು, ಎರ್ನಾಕುಳಂ, ತಿರುವನಂತಪುರದಲ್ಲಿ ನಡೆಯಿತು. ನಮಗೆ ಹತ್ತಿರದ್ದೆಂದರೆ ಕೋಯಿಕ್ಕೋಡು, ಸುಮಾರು 180 ಕಿಲೋಮೀಟರ್.

ಭಾಷೆಯ ಹಕ್ಕಿಗೆ ಒಂದು ಒಳ್ಳೆಯ ಪೂರ್ವನಿದರ್ಶನವಿದೆ. 2020ರ ಪರಿಸರ ಪರಿಣಾಮ ಅಧ್ಯಯನದ ಕರಡು ಅಧಿಸೂಚನೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಬಂದಾಗ, ಅದನ್ನು ಸಂವಿಧಾನದ ಎಂಟನೆಯ ಪರಿಚ್ಛೇದದ ಎಲ್ಲ ಭಾಷೆಗಳಿಗೂ ಅನುವಾದಿಸಬೇಕೆಂದು ದೆಹಲಿ ಹೈಕೋರ್ಟು ಅದೇ ವರ್ಷ ಜೂನ್ 30ರಂದು ಆದೇಶಿಸಿತು. ಸಾರ್ವಜನಿಕರ ಪ್ರತಿಕ್ರಿಯೆಗೆ ಇದ್ದ ಸಮಯವನ್ನು 30 ದಿನದಿಂದ 20 ದಿನಕ್ಕೆ ಇಳಿಸುವ ಪ್ರಸ್ತಾವವೂ ಅದೇ ಕರಡಿನಲ್ಲಿತ್ತು. ಕಂಪನಿಗೆ ವರ್ಷಗಳ ವಾಯಿದೆ ಸಿಗುವ ದೇಶದಲ್ಲಿ ಜನರ ಹತ್ತು ದಿನವನ್ನು ಕಡಿಯಲು ಹೊರಟದ್ದು ನನ್ನ ಮನಸ್ಸಿನಲ್ಲಿ ಇಂದಿಗೂ ಚುಚ್ಚುತ್ತದೆ.

ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಂತೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ರಾಜ್ಯ ಸರ್ಕಾರದೊಂದಿಗೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಆಯೋಗವು ಪ್ರತ್ಯೇಕ ಶಾಸನಬದ್ಧ ಸಂಸ್ಥೆಯಾದ್ದರಿಂದ, ಕನ್ನಡದ ಮನವಿಯೊಂದಿಗೆ ಇಂಗ್ಲಿಷಿನಲ್ಲಿ ಅಥವಾ ಮಲಯಾಳದಲ್ಲಿ ಒಂದು ಪುಟದ ಸಾರಾಂಶ ಲಗತ್ತಿಸಿ. ಊರಿನ ಕಾಲೇಜು ಮಕ್ಕಳು ಇದಕ್ಕೆ ಸಂತೋಷದಿಂದ ನೆರವಾಗುತ್ತಾರೆ.

ಆಕ್ಷೇಪಣೆಯಲ್ಲಿ ಏನು ಬರೆಯಬೇಕು? ನಾವು ಬರೆದರೆ ಯಾರು ಓದುತ್ತಾರೆ?

ಓದಲೇಬೇಕು. ವಿದ್ಯುತ್ ಕಾಯ್ದೆಯ 64ನೆಯ ಸೆಕ್ಷನ್ ಪ್ರಕಾರ ಸಾರ್ವಜನಿಕರ ಎಲ್ಲ ಸಲಹೆ, ಆಕ್ಷೇಪಣೆಗಳನ್ನು ಪರಿಗಣಿಸಿದ ಮೇಲೆಯೇ, ಅರ್ಜಿ ಬಂದ 120 ದಿನಗಳೊಳಗೆ ಆಯೋಗ ದರ ಆದೇಶ ಹೊರಡಿಸಬೇಕು. ಆದೇಶಗಳಲ್ಲಿ ಆಕ್ಷೇಪಣೆ ಸಲ್ಲಿಸಿದವರ ವಾದ ಮತ್ತು ಕಂಪನಿಯ ಉತ್ತರ ದಾಖಲಾಗುತ್ತದೆ. ಮುಂದೆ ಮೇಲ್ಮನವಿ ನಡೆದರೆ ಆ ದಾಖಲೆಯೇ ಆಧಾರ.

ಸಿಟ್ಟನ್ನಷ್ಟೇ ಬರೆದರೆ "ಗಮನಿಸಲಾಗಿದೆ" ಎಂಬ ಒಂದು ಪದದಲ್ಲಿ ಮುಗಿಯುತ್ತದೆ. ಅರ್ಜಿಯ ಯಾವ ಪ್ಯಾರಾ, ಯಾವ ಕೋಷ್ಟಕ ಎಂದು ಸಂಖ್ಯೆ ಹಾಕಿ ಬರೆಯಿರಿ. ಕಂಪನಿ ಹೆಚ್ಚುವರಿ ಸಮಯ ಕೇಳಿದ್ದರೆ ಇದೇ ಕಾರಣಕ್ಕೆ ಹಿಂದೆ ಎಷ್ಟು ಸಲ ಸಮಯ ಪಡೆಯಲಾಗಿದೆ, ಆ ಅವಧಿಯಲ್ಲಿ ನಡೆದ ಕೆಲಸದ ತಿಂಗಳುವಾರು ವಿವರವೇನು ಎಂದು ಕೇಳಿ. ಹೊಸ ಕಲ್ಲಿದ್ದಲು ಒಪ್ಪಂದವಾಗಿದ್ದರೆ ಅದೇ ಅವಧಿಗೆ ಸೋಲಾರ್ ಮತ್ತು ಬ್ಯಾಟರಿ ಸೇರಿದ ವಿದ್ಯುತ್ತಿನ ದರವನ್ನು ಟೆಂಡರಿನಲ್ಲಿ ಪರೀಕ್ಷಿಸಲಾಗಿದೆಯೇ ಎಂದು ಕೇಳಿ. ನವೀಕರಿಸಬಹುದಾದ ಇಂಧನದ ಪಾಲು ಕಳೆದ ವರ್ಷ ಎಷ್ಟಾಗಬೇಕಿತ್ತು, ಎಷ್ಟಾಯಿತು, ಕೊರತೆಯನ್ನು ಯಾವಾಗ ತುಂಬುತ್ತೀರಿ ಎಂದು ದಿನಾಂಕ ಕೇಳಿ.

ವೋಲ್ಟೇಜು ಇಲ್ಲ, ಮೀಟರ್ ತಪ್ಪು ಎಂಬ ಸ್ವಂತ ದೂರುಗಳನ್ನು ಇದಕ್ಕೆ ಬೆರೆಸಬೇಡಿ. ಅವಕ್ಕೆ ಗ್ರಾಹಕ ಕುಂದುಕೊರತೆ ಪರಿಹಾರ ವೇದಿಕೆ ಪ್ರತ್ಯೇಕವಾಗಿದೆ. ಹೆಸರು, ವಿಳಾಸ, ಗ್ರಾಹಕ ಸಂಖ್ಯೆ ಹಾಕಿ, ಪ್ರಕಟಣೆಯಲ್ಲಿ ಹೇಳಿದ ಕೊನೆಯ ದಿನಾಂಕಕ್ಕೆ ಮೊದಲೇ ತಲಪುವಂತೆ ಅಂಚೆಯಲ್ಲೂ ಮಿಂಚಂಚೆಯಲ್ಲೂ ಕಳುಹಿಸಿ, ಒಂದು ಪ್ರತಿಯನ್ನು ವಾಚನಾಲಯದ ಕಡತದಲ್ಲಿ ಇಡಿ. ಮುಂದಿನ ವರ್ಷ ಅದೇ ವಾಯಿದೆಯ ಅರ್ಜಿ ಮತ್ತೆ ಬಂದಾಗ ಆ ಕಡತ ಬೇಕಾಗುತ್ತದೆ.